ಓಡಿದರೆ ಸಾಲದು, ಓದಿಸಿಕೊಳ್ಳಬೇಕು

"ನಡ್ಯಾಕತ್ತೈತಿ, ಯಾಕ ಕೈ ಹಚ್ಚತಿ?" ನಮ್ಮ ಕಡೆ ಹಳೆಯ ಪಂಪ್‌ಸೆಟ್ಟಿಗೂ ಇದೇ ಮಾತು, ಹಳೆಯ ಮೋಟರ್‌ಸೈಕಲ್ಲಿಗೂ ಇದೇ ಮಾತು. ಕಂಪ್ಯೂಟರ್ ವಿಜ್ಞಾನದ ವಿಭಾಗಗಳಲ್ಲಿ ಅದೇ ಮಾತು ಇಂಗ್ಲಿಷಿನಲ್ಲಿ ಬಂದು ತತ್ವವಾಗಿ ಕೂತಿದೆ. ಓಡುವ ಕೋಡನ್ನು ಮುಟ್ಟಬಾರದು. ಓದಲು ಬಾರದಿದ್ದರೂ ಅಡ್ಡಿಯಿಲ್ಲ, ಓಡಿದರೆ ಆಯಿತು. ಈ ತತ್ವ ತಪ್ಪು, ಅದರಿಂದ ನಮ್ಮಂಥ ಊರುಗಳಿಗೆ ನಷ್ಟವಿದೆ ಎಂದು ವಾದಿಸಲು ಈ ಲೇಖನ ಬರೆಯುತ್ತಿದ್ದೇನೆ. ಸಾಹಿತ್ಯದ ಪತ್ರಿಕೆಯಲ್ಲಿ ಇದನ್ನು ಯಾಕೆ ಬರೆಯುತ್ತೀ ಎಂದು ಗೆಳೆಯರು ಕೇಳಿದರು. ಓದುವುದೆಂದರೇನು ಎಂಬುದು ಈ ಪತ್ರಿಕೆಯ ಓದುಗರಿಗೆ ನನ್ನ ವಿಭಾಗದವರಿಗಿಂತ ಚೆನ್ನಾಗಿ ಗೊತ್ತು. ಆದರೆ ಕೋಡ್ ಕೂಡ ಓದುವ ವಸ್ತು ಎಂದು ಒಪ್ಪಲು ನೀವೂ ತಯಾರಿಲ್ಲ. ಆದ್ದರಿಂದ ಜಗಳ ಎರಡೂ ಕಡೆಯವರ ಜೊತೆ.

ನಾನು ಸುಳ್ಳದವನು. ಹುಬ್ಬಳ್ಳಿ ತಾಲೂಕಿನ ಎರೆ ಹೊಲಗಳ ಊರು. ಸೆಮಿನಾರುಗಳಲ್ಲಿ ಊರು ಕೇಳಿದವರಿಗೆ "ಸುಳ್ಳ" ಎಂದರೆ "ಖರೇ ಹೇಳ್ರಿ" ಎಂದು ನಗುವವರು ಒಬ್ಬರಾದರೂ ಇರುತ್ತಾರೆ. ಖರೇನೇ ಹೇಳುತ್ತೇನೆ. ನನ್ನ ಪಿಎಚ್.ಡಿ. ವಿಷಯ ನೆಟ್‌ವರ್ಕ್ ಡ್ರೈವರ್‌ಗಳು. ಕಳೆದ ಎರಡು ವರ್ಷಗಳಲ್ಲಿ ಅರ್ಧ ಕಾಲ ಹೋಗಿದ್ದು ಒಂದು ಹಳೆಯ ಡ್ರೈವರನ್ನು ಓದುವಂತೆ ಮಾಡುವುದರಲ್ಲಿ. ಪ್ರಗತಿ ಪರಿಶೀಲನೆಯ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು: "ಇದರಾಗ ಹೊಸಾದೇನ ಮಾಡೀರಿ? ಮೊದಲೂ ಪ್ಯಾಕೆಟ್ ಹೋಗತಿತ್ತು, ಈಗೂ ಹೋಗತೈತಿ." ರಿಫ್ಯಾಕ್ಟರಿಂಗ್ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆಯನ್ನು ನಾನು ಕೇಳಿಲ್ಲ. ಅವರು ಅದನ್ನು ಆಕ್ಷೇಪಣೆ ಎಂದು ಹೇಳಿದರು, ಅಷ್ಟೇ ವ್ಯತ್ಯಾಸ.

ಮೊದಲು ಡ್ರೈವರ್ ಎಂದರೇನು ನೋಡೋಣ. ಕಂಪ್ಯೂಟರಿನೊಳಗಿನ ನೆಟ್‌ವರ್ಕ್ ಕಾರ್ಡಿಗೆ ಭಾಷೆ ಇಲ್ಲ. ಅದಕ್ಕಿರುವುದು ಸಂಖ್ಯೆ ಹಾಕಿದ ಕೆಲವು ಖಾನೆಗಳು. ಇಂಥ ಖಾನೆಗೆ ಇಂಥ ಸಂಖ್ಯೆ ಬರೆದರೆ ಅದು ಇಂಥ ಕೆಲಸ ಮಾಡುತ್ತದೆ. ಆಪರೇಟಿಂಗ್ ಸಿಸ್ಟಮ್ಮಿನ ಮಾತನ್ನು ಈ ಖಾನೆಗಳ ಸಂಖ್ಯೆಗೆ ಇಳಿಸುವ, ಅಲ್ಲಿಂದ ಬಂದಿದ್ದನ್ನು ಮೇಲಕ್ಕೆ ಮುಟ್ಟಿಸುವ ದುಭಾಷಿಯೇ ಡ್ರೈವರ್. ಲಿನಕ್ಸ್ ಕರ್ನಲ್ ಈಗ ಮೂರು ಕೋಟಿ ಸಾಲು ದಾಟಿದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ದುಭಾಷಿಗಳೇ.

ಒಂದು ಉದಾಹರಣೆ ಕೊಡುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಅಗ್ಗದ ಕಂಪ್ಯೂಟರುಗಳಲ್ಲೆಲ್ಲ ಇದ್ದ ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್ 8139 ಎಂಬ ಚಿಪ್. ನಿಮ್ಮ ಕಾಲೇಜಿನ ಹಳೆಯ ಲ್ಯಾಬಿನಲ್ಲಿ ಧೂಳು ತಿನ್ನುತ್ತಿರುವ ಡಬ್ಬಿಗಳಲ್ಲಿ ಒಂದರಲ್ಲಾದರೂ ಅದು ಇದ್ದೀತು. ಈ ಚಿಪ್ಪನ್ನು ಮೊದಲಿನ ಸ್ಥಿತಿಗೆ ತರಬೇಕಾದರೆ ಹೆಕ್ಸ್ 37 ಎಂಬ ಖಾನೆಗೆ ಹೆಕ್ಸ್ 10 ಬರೆಯಬೇಕು. ಆಮೇಲೆ ಆ ಬಿಟ್ ತಾನಾಗಿ ಅಳಿಯುವವರೆಗೆ ಕಾಯಬೇಕು. ಅವಸರದಲ್ಲಿದ್ದವನು ಇದನ್ನು ಹೇಗೆ ಬರೆಯುತ್ತಾನೆ? 37ಕ್ಕೆ 10 ಬರೆ. ಸಾವಿರ ಸಲ ಸುತ್ತು. 37ರಲ್ಲಿ 10 ಇಲ್ಲದಿದ್ದರೆ ಹೊರಗೆ ಬಾ. ಯಂತ್ರಕ್ಕೆ ಇಷ್ಟು ಸಾಕು, ಓಡುತ್ತದೆ. ಮೂರು ವರ್ಷದ ನಂತರ ಇದನ್ನು ತೆರೆದವನಿಗೆ 37 ಏನು, 10 ಏನು, ಸಾವಿರ ಸಲ ಯಾಕೆ, ಒಂದೂ ತಿಳಿಯುವುದಿಲ್ಲ.

ಲಿನಕ್ಸ್‌ನಲ್ಲಿರುವ 8139ಟೂ ಎಂಬ ಡ್ರೈವರ್‌ನಲ್ಲಿ ಇದೇ ಕೆಲಸ ಬೇರೆ ಥರ ಇದೆ. ಮೊದಲು ನಾಸಾದಲ್ಲಿದ್ದ ಡೊನಾಲ್ಡ್ ಬೆಕರ್ ಬರೆದದ್ದು, ಆಮೇಲೆ ಜೆಫ್ ಗಾರ್ಜಿಕ್ ಮರಳಿ ಕಟ್ಟಿದ್ದು. ಅಲ್ಲಿ 37ಕ್ಕೆ 'ಚಿಪ್ ಕಮಾಂಡ್' ಎಂಬ ಅರ್ಥದ ಹೆಸರಿದೆ. 10ಕ್ಕೆ 'ಕಮಾಂಡ್ ರೀಸೆಟ್' ಎಂಬ ಹೆಸರಿದೆ. ಇಡೀ ತುಣುಕನ್ನು 'ಚಿಪ್ ರೀಸೆಟ್' ಎಂಬ ಒಂದು ಪುಟ್ಟ ಫಂಕ್ಷನ್ನಿನಲ್ಲಿ ಕಟ್ಟಿಟ್ಟಿದ್ದಾರೆ. ಪ್ರತಿ ಸುತ್ತಿಗೆ ಹತ್ತು ಮೈಕ್ರೋಸೆಕೆಂಡ್ ಕಾಯುವುದೂ ಅದರಲ್ಲೇ ಕಾಣುತ್ತದೆ, ಅಂದರೆ ಸಾವಿರ ಸಲಕ್ಕೆ ಹತ್ತು ಮಿಲಿಸೆಕೆಂಡ್. ಚಿಪ್ಪಿಗೆ ಹೋಗುವ ಸಂಖ್ಯೆ ಅದೇ, ಕೆಲಸವೂ ಅದೇ. ಆದರೆ ಈಗ ಅದು ಮನುಷ್ಯರು ಓದುವಂತಿದೆ.

ಇನ್ನೂ ಒಂದು ಜಾಗ ತೋರಿಸಬೇಕು. ಅದೇ ಡ್ರೈವರ್‌ನಲ್ಲಿ ಚಿಪ್ಪನ್ನು ಚಾಲೂ ಮಾಡುವ ಕಡೆ ಒಂದು ಸಾಲಿನ ಟಿಪ್ಪಣಿಯಿದೆ: ಕಳಿಸುವ, ಪಡೆಯುವ ಎರಡೂ ಸ್ವಿಚ್ಚುಗಳನ್ನು ಮೊದಲು ಹಾಕಿ ಆಮೇಲೆಯೇ ಉಳಿದ ಮಿತಿಗಳನ್ನು ಹೊಂದಿಸಬೇಕು ಎಂಬ ಅರ್ಥದ್ದು. ಸಾಮಾನ್ಯ ಬುದ್ಧಿಗೆ ಇದು ತಿರುಗುಮುರುಗು ಅನ್ನಿಸುತ್ತದೆ. ಎಲ್ಲ ಹೊಂದಿಸಿಕೊಂಡು ಕಡೆಗೆ ಸ್ವಿಚ್ ಹಾಕಬೇಕಲ್ಲವೇ? ಹಾಗೆ ಅಂದುಕೊಂಡು ಸಾಲುಗಳನ್ನು ಹಿಂದುಮುಂದು ಮಾಡಿದರೆ ಕೆಟ್ಟಿತು. ಈ ಒಂದು ಸಾಲಿನ ಹಿಂದೆ ಯಾರೋ ಕಳೆದ ರಾತ್ರಿಗಳಿವೆ. ಅದನ್ನು ಬರೆದಿಡದಿದ್ದರೆ ಮುಂದಿನ ಪ್ರತಿಯೊಬ್ಬನೂ ಅಷ್ಟೇ ರಾತ್ರಿಗಳನ್ನು ಮತ್ತೆ ಕಳೆಯಬೇಕಿತ್ತು. ಓದಲು ಬರುವ ಕೋಡ್ ಎಂದರೆ ಅಂದಚೆಂದದ ಮಾತು ಎಂದು ತಿಳಿದವರು ಈ ಸಾಲಿನ ಮುಂದೆ ಐದು ನಿಮಿಷ ಕೂರಬೇಕು.

ರಿಫ್ಯಾಕ್ಟರಿಂಗ್ ಎಂಬ ಪದಕ್ಕೆ ಶಾಸ್ತ್ರೀಯ ಅರ್ಥವಿದೆ. ಹೊರಗಿನ ನಡತೆ ಬದಲಾಗದಂತೆ ಒಳಗಿನ ರಚನೆಯನ್ನು ಸುಧಾರಿಸುವುದು. ವಿಲಿಯಂ ಓಪ್ಡೈಕ್ 1992ರಲ್ಲಿ ಇದರ ಮೇಲೆಯೇ ಪಿಎಚ್.ಡಿ. ಮಾಡಿದ. ಮಾರ್ಟಿನ್ ಫೌಲರ್ 1999ರಲ್ಲಿ ಪುಸ್ತಕ ಬರೆದು ಅದನ್ನು ಮನೆಮಾತು ಮಾಡಿದ. ಇದು ಸಂಶೋಧನೆಯೇ ಅಲ್ಲ ಎನ್ನುವವರು 1992 ಎಂಬ ಇಸವಿಯನ್ನು ಗಮನಿಸಲಿ. ಕನ್ನಡದಲ್ಲಿ ಇದಕ್ಕೆ ಪದ ಟಂಕಿಸುವ ಅಗತ್ಯ ನನಗೆ ಕಂಡಿಲ್ಲ. ನಮ್ಮೂರಿನಲ್ಲಿ ಪದ ಇದೆ: ಹಸನು. ಬೇಸಿಗೆಯಲ್ಲಿ ಹೊಲ ಹಸನು ಮಾಡುತ್ತಾರೆ. ಹತ್ತಿಕಟಿಗಿ ಕಿತ್ತು, ಕರಕಿ ಬೇರುಸಹಿತ ಅಗೆದು ತೆಗೆದು, ಕುಂಟಿ ಹೊಡೆದು ಬಿಡುತ್ತಾರೆ. ಹೊಲ ಅದೇ, ಮಣ್ಣು ಅದೇ, ಉತಾರದಲ್ಲಿ ಎಕರೆ ಗುಂಟೆ ಒಂದೂ ಬದಲಾಗುವುದಿಲ್ಲ. ಹಾಗೆಂದು ಹೊಲ ಹಸನು ಮಾಡಿದವನನ್ನು "ಇದರಾಗ ಹೊಸಾದೇನ ಬೆಳದಿ?" ಎಂದು ಯಾರೂ ಕೇಳುವುದಿಲ್ಲ. ಬಿತ್ತಿಗೆಯ ಹೊತ್ತಿಗೆ ಉತ್ತರ ತಾನೇ ಕಾಣುತ್ತದೆ ಎಂಬುದು ಒಕ್ಕಲುತನ ಮಾಡಿದ ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ನಮ್ಮ ವಿಭಾಗಗಳಿಗೆ ಮಾತ್ರ.

ಈಗ ಸಾಹಿತ್ಯದವರ ಕಡೆ ಬರುತ್ತೇನೆ. ಓಲೆಗರಿಯ ಪ್ರತಿಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಪದಗಳ ನಡುವೆ ಜಾಗವಿಲ್ಲ. ಅಕ್ಷರಗಳು ಗರಿಯ ಈ ತುದಿಯಿಂದ ಆ ತುದಿಗೆ ಸಾಲಾಗಿ ಹೊರಟುಬಿಡುತ್ತವೆ. ಪದ ಎಲ್ಲಿ ಮುಗಿಯಿತು, ಒಂದು ವಚನ ಎಲ್ಲಿ ನಿಂತು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದನ್ನು ಓದುವವನೇ ತೀರ್ಮಾನಿಸಬೇಕು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿಕೆ ಮಾಡುತ್ತ ಇಂಥ ಗರಿಗಳನ್ನು ಹುಡುಕಿ ತಂದು, ಬಿಡಿಸಿ, ಹೊಂದಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದರು. ಅವರು ಒಂದು ವಚನವನ್ನೂ ತಾವು ಹೊಸದಾಗಿ ಬರೆಯಲಿಲ್ಲ. ಹನ್ನೆರಡನೆಯ ಶತಮಾನದಲ್ಲೂ ವಚನವಿತ್ತು, ಅವರು ಅಚ್ಚು ಹಾಕಿದ ಮೇಲೂ ಅದೇ ವಚನವಿತ್ತು. ಹಾಗಾದರೆ ಹಳಕಟ್ಟಿಯವರು ಹೊಸದೇನು ಮಾಡಿದರು ಎಂದು ಕೇಳುವ ಧೈರ್ಯ ಯಾರಿಗಿದೆ? ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕಲಿಸಿದ ಎಂ.ಎಂ. ಕಲಬುರ್ಗಿಯವರು ಗ್ರಂಥ ಸಂಪಾದನೆಯನ್ನು ಒಂದು ಶಾಸ್ತ್ರವೆಂದೇ ಕರೆದು ಅದರ ಮೇಲೆ ಪುಸ್ತಕ ಬರೆದರು. ನಮ್ಮ ನೆಲದಲ್ಲೇ ಇಷ್ಟು ದೊಡ್ಡ ಪರಂಪರೆ ಇದೆ. ಪಠ್ಯದ ಅರ್ಥ ಕೆಡದಂತೆ ಅದನ್ನು ಓದಲು ಬರುವಂತೆ ಮಾಡುವುದು ವಿದ್ವತ್ತಿನ ಕೆಲಸ ಎಂದು ನೂರು ವರ್ಷದ ಹಿಂದೆಯೇ ಒಪ್ಪಿಕೊಂಡ ಊರು ಇದು. ಅದೇ ಊರಿನ ಇನ್ನೊಂದು ಕಟ್ಟಡದಲ್ಲಿ ಅದೇ ಕೆಲಸಕ್ಕೆ ಗುಮಾಸ್ತಿಕೆ ಎಂಬ ಹೆಸರು.

ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ, ಅದನ್ನೂ ಹೇಳಬೇಕು. ಸಂಪಾದಕನ ಮುಂದೆ ಹಲವು ಪ್ರತಿಗಳಿರುತ್ತವೆ, ಒಂದರ ಲೋಪ ಇನ್ನೊಂದರಲ್ಲಿ ಸಿಗುತ್ತದೆ. ಡ್ರೈವರ್ ಹಸನು ಮಾಡುವವನ ಮುಂದೆ ಇರುವುದು ಸಾಮಾನ್ಯವಾಗಿ ಒಂದೇ ಪ್ರತಿ. ಚಿಪ್ಪಿನ ಕೈಪಿಡಿ ಎಷ್ಟೋ ಸಲ ಕಂಪನಿಯ ಕಪಾಟಿನಲ್ಲೇ ಉಳಿದಿರುತ್ತದೆ. ಪಾಠ ಸರಿಯೋ ತಪ್ಪೋ ಎಂದು ಹೇಳುವ ಒಬ್ಬನೇ ಪಂಡಿತ ಆ ಚಿಪ್, ಅದೂ ಮೂಕ ಪಂಡಿತ. ತಪ್ಪಾದರೆ ಯಾಕೆ ತಪ್ಪಾಯಿತು ಎಂದು ಹೇಳುವುದಿಲ್ಲ, ಸುಮ್ಮನೆ ನಿಂತುಬಿಡುತ್ತದೆ. ಈ ಕಾರಣಕ್ಕೆ ಡ್ರೈವರ್ ಸಂಪಾದನೆ ಹೆಚ್ಚು ಕಷ್ಟದ್ದು.

ಇದರಿಂದ ಸುಳ್ಳದಂಥ ಊರಿಗೆ ಏನಾಗಬೇಕಿದೆ ಎಂಬ ಪ್ರಶ್ನೆಗೆ ಬರೋಣ. ನಮ್ಮೂರ ಗೆಳೆಯನೊಬ್ಬ ಝೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್ ಇಟ್ಟಿದ್ದಾನೆ. ಉತಾರ ತೆಗೆಯುವುದು, ಬೆಳೆವಿಮೆಯ ಅರ್ಜಿ ತುಂಬುವುದು, ಹುಡುಗರ ಸ್ಕಾಲರ್‌ಶಿಪ್ಪು, ಎಲ್ಲ ಅಲ್ಲೇ. ಹಳೆಯ ಕಂಪ್ಯೂಟರ್, ವಿಂಡೋಸ್ ಭಾರವಾಗಿ ಲಿನಕ್ಸ್ ಹಾಕಿಕೊಂಡವನು. ಅದಕ್ಕೊಂದು ಅಗ್ಗದ ವೈಫೈ ಡಾಂಗಲ್. ಒಂದು ದಿನ ಸಿಸ್ಟಮ್ ಅಪ್‌ಡೇಟ್ ಆಯಿತು, ಡಾಂಗಲ್ ಸತ್ತಿತು. ವಿಮೆಯ ಕಡೆಯ ದಿನಕ್ಕೆ ಎರಡು ದಿನ ಉಳಿದಿತ್ತು. "ಅಣ್ಣಾ, ನೀ ಇದರಾಗ ಪಿಎಚ್‌ಡಿ ಮಾಡಾಕತ್ತಿ, ನೋಡಿಲ್ಲಿ" ಎಂದು ಫೋನ್ ಮಾಡಿದ. ಡಾಂಗಲ್ ಕೆಟ್ಟಿರಲಿಲ್ಲ. ಕಂಪನಿ ತನ್ನ ಡ್ರೈವರಿನ ಮೂಲವನ್ನು ಒಂದು ಜಿಪ್ ಫೈಲಿನಲ್ಲಿ ಎಸೆದು ಕೈತೊಳೆದುಕೊಂಡಿತ್ತು. ಹೊಸ ಕರ್ನಲ್‌ಗೆ ಅದು ಕಂಪೈಲ್ ಆಗುತ್ತಿರಲಿಲ್ಲ. ಆ ದಿನ ಅವನು ಯುಎಸ್‌ಬಿ ತಂತಿ ಹಚ್ಚಿ ಮೊಬೈಲಿನ ಡೇಟಾದಿಂದ ಅರ್ಜಿಗಳನ್ನು ತುಂಬಿದ. ಡಾಂಗಲ್ ಮಾತ್ರ ಕಸದ ಡಬ್ಬಿಗೆ ಹೋಯಿತು.

ಇದು ಯಾಕೆ ಆಗುತ್ತದೆ? ಲಿನಕ್ಸ್ ಕರ್ನಲ್ ತನ್ನ ಒಳಗಿನ ಕೊಂಡಿಗಳನ್ನು ಬದಲಿಸುತ್ತಲೇ ಇರುತ್ತದೆ, ಬದಲಿಸುವ ಹಕ್ಕು ತನಗಿದೆ ಎಂದು ಬಹಿರಂಗವಾಗಿಯೇ ಬರೆದುಕೊಂಡಿದೆ. 2018ರ ಜನವರಿಯಲ್ಲಿ ಬಂದ 4.15ನೇ ಆವೃತ್ತಿಯಲ್ಲಿ ಟೈಮರ್ ಹೂಡುವ ಹಳೆಯ ವಿಧಾನವನ್ನೇ ತೆಗೆದರು. ಕರ್ನಲ್ಲಿನ ಒಳಗಿದ್ದ ಡ್ರೈವರ್‌ಗಳನ್ನೆಲ್ಲ ಅವರೇ ತಿದ್ದಿದರು. ಹೊರಗೆ ಜಿಪ್ ಫೈಲುಗಳಲ್ಲಿ ಇದ್ದವು ಮುರಿದುಬಿದ್ದವು. ಹಾಗಾದರೆ ಆ ಡ್ರೈವರ್‌ಗಳು ಒಳಗೆ ಯಾಕೆ ಇರಲಿಲ್ಲ? ಓದಲು ಬರುತ್ತಿರಲಿಲ್ಲ ಎಂಬುದು ದೊಡ್ಡ ಕಾರಣ. ಬೇರೆಬೇರೆ ಆಪರೇಟಿಂಗ್ ಸಿಸ್ಟಮ್ಮುಗಳಿಗೆ ಒಂದೇ ಕೋಡ್ ಸಾಗಲಿ ಎಂದು ಪದರದ ಮೇಲೆ ಪದರ ಹೊದಿಸಿರುತ್ತಾರೆ. ಚಿಪ್ ಬದಲಾದಾಗಲೆಲ್ಲ ಇಡೀ ಡ್ರೈವರ್ ನಕಲು ಮಾಡಿ ನಾಲ್ಕು ಸಾಲು ತಿದ್ದಿರುತ್ತಾರೆ. ಕೆಲಸಕ್ಕೆ ಬಾರದ ಸಾಲುಗಳನ್ನು ತೆಗೆಯಲು ಹೆದರಿ ಹಾಗೇ ಬಿಟ್ಟಿರುತ್ತಾರೆ. ಕರ್ನಲ್ಲಿನ ಹಿರಿಯರು ಇಂಥದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬಿಟ್ಟುಕೊಳ್ಳಬಾರದು ಕೂಡ. ಯಾಕೆಂದರೆ ನಾಳೆ ಅದನ್ನು ತಿದ್ದಬೇಕಾದವರು ಅವರೇ.

ಇದಕ್ಕೆ ಒಂದು ದಾರಿಯಾಗಿ 2008ರಲ್ಲಿ ಗ್ರೆಗ್ ಕ್ರೋ ಹಾರ್ಟ್‌ಮನ್ 'ಸ್ಟೇಜಿಂಗ್' ಎಂಬ ಅಂಗಳ ಮಾಡಿದರು. ಹಸನಾಗದ ಡ್ರೈವರ್‌ಗಳು ಮೊದಲು ಅಲ್ಲಿಗೆ ಬರುತ್ತವೆ. ಏನೇನು ತಿದ್ದಬೇಕು ಎಂಬ ಪಟ್ಟಿ ಜೊತೆಗಿರುತ್ತದೆ. ಯಾರು ಬೇಕಾದರೂ ಕೈಹಚ್ಚಬಹುದು. ಹಸನಾದರೆ ಒಳಮನೆಗೆ, ಆಗದಿದ್ದರೆ ಕಾಲಾನಂತರ ಹೊರಗೆ. ರಿಯಲ್‌ಟೆಕ್‌ನ ವೈಫೈ ಡ್ರೈವರ್‌ಗಳು ಈ ಅಂಗಳದಲ್ಲಿ ವರ್ಷಗಟ್ಟಲೆ ಕೂತವು. ಯೆಸ್ ಸೋರೆನ್ಸೆನ್ ಎಂಬ ಡೆವಲಪರ್ ಅವುಗಳಲ್ಲಿ ಒಂದನ್ನು ತಿದ್ದಿ ತಿದ್ದಿ ಕಡೆಗೆ 2015ರ ಸುಮಾರಿಗೆ ಹೊಸದಾಗಿಯೇ ಒಂದು ಡ್ರೈವರ್ ಬರೆದ. ಹಲವು ಚಿಪ್ಪುಗಳಿಗೆ ಸಲ್ಲುವ ಆ ಒಂದೇ ಡ್ರೈವರ್ ಬಂದ ಮೇಲೆ ಹಳೆಯ ನಕಲುಗಳನ್ನು ಒಂದೊಂದಾಗಿ ಅಂಗಳದಿಂದ ತೆಗೆದರು. ಅವನಿಗೆ ಹೊಸದು ಬರೆಯಲು ಸಾಧ್ಯವಾದದ್ದು ಹಳೆಯದನ್ನು ಹಸನು ಮಾಡುತ್ತ ಮಾಡುತ್ತ ಚಿಪ್ಪಿನ ಮನಸ್ಸು ಗೊತ್ತಾದದ್ದರಿಂದ. ಓದದೆ ಬರೆಯಲು ಬರುವುದಿಲ್ಲ ಎಂಬುದು ನಿಮ್ಮಲ್ಲಿ ಹೊಸ ಕವಿಗಳಿಗೆ ಹೇಳುವ ಬುದ್ಧಿಮಾತು. ಇಲ್ಲೂ ಅದೇ.

ಓದಲು ಬಾರದ ಕೋಡ್ ಮನೆಯ ಬಾಗಿಲನ್ನೂ ತೆರೆದಿಡುತ್ತದೆ. 2014ರ ಏಪ್ರಿಲ್‌ನಲ್ಲಿ ಹೊರಬಿದ್ದ ಹಾರ್ಟ್‌ಬ್ಲೀಡ್ ಎಂಬ ದೋಷ ನೆನಪಿರಬಹುದು. ಜಗತ್ತಿನ ವೆಬ್‌ಸೈಟುಗಳ ಬೀಗಗಳನ್ನು ಕಾಯುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಇತ್ತು. ಎದುರಿನವನು "ನಾನು ಇಷ್ಟು ಉದ್ದದ ಮಾತು ಕಳಿಸಿದ್ದೇನೆ, ಹಾಗೇ ವಾಪಸು ಹೇಳು" ಎಂದರೆ, ನಿಜಕ್ಕೂ ಅಷ್ಟು ಉದ್ದವಿದೆಯೇ ಎಂದು ನೋಡದೆ ತನ್ನ ಪಕ್ಕದ ನೆನಪನ್ನೂ ಸೇರಿಸಿ ಕೊಟ್ಟುಬಿಡುತ್ತಿತ್ತು. ಆ ಕೋಡಿನಲ್ಲಿ ಮಾತಿನ ಉದ್ದವನ್ನು ಇಟ್ಟುಕೊಂಡ ವೇರಿಯಬಲ್ಲಿನ ಹೆಸರೇನು ಗೊತ್ತೇ? 'ಪೇಲೋಡ್', ಅಂದರೆ ಸರಕು. ಸರಕಿನ ತೂಕಕ್ಕೆ ಸರಕು ಎಂದೇ ಹೆಸರಿಟ್ಟಿದ್ದರು. ಆ ಹೆಸರೊಂದರಿಂದಲೇ ದೋಷ ಹುಟ್ಟಿತು ಎಂದು ನಾನು ಹೇಳುವುದಿಲ್ಲ. ಆದರೆ ಓದುವವನ ಕಣ್ಣು ಜಾರಲು ಇಂಥ ಹೆಸರುಗಳೇ ಎಣ್ಣೆ. ಆಮೇಲೆ ಓಪನ್‌ಬಿಎಸ್‌ಡಿಯವರು ಅದೇ ಕೋಡನ್ನು ಬೇರೆ ತೆಗೆದುಕೊಂಡು ಲಿಬ್ರೆಎಸ್‌ಎಸ್‌ಎಲ್ ಎಂದು ಹಸನು ಮಾಡತೊಡಗಿದಾಗ ಮೊದಲ ವಾರದಲ್ಲೇ 90,000ಕ್ಕೂ ಹೆಚ್ಚು ಸಾಲು ಕಿತ್ತು ಹಾಕಿದರು. ಅಷ್ಟು ಕರಕಿ ಬೆಳೆದ ಹೊಲದಲ್ಲಿ ಹಾವು ಇದ್ದರೆ ಆಶ್ಚರ್ಯವೇನು?

ಅದೇ ವರ್ಷ ಫೆಬ್ರುವರಿಯಲ್ಲಿ ಆ್ಯಪಲ್ ಕಂಪನಿಯ ಕೋಡಿನಲ್ಲಿ ಸಿಕ್ಕ ದೋಷ ಇನ್ನೂ ವಿಚಿತ್ರ. ಒಂದೇ ಸಾಲು ಎರಡು ಸಲ ಬಿದ್ದಿತ್ತು. ಎರಡನೆಯದನ್ನು ಒಳಕ್ಕೆ ಸರಿಸಿ ಬರೆದಿದ್ದರಿಂದ ಅದು ಮೇಲಿನ ಷರತ್ತಿಗೆ ಸೇರಿದ್ದು ಎಂದು ಕಣ್ಣಿಗೆ ಕಾಣುತ್ತಿತ್ತು. ಯಂತ್ರಕ್ಕೆ ಅದು ಷರತ್ತಿಲ್ಲದ ಆಜ್ಞೆ. ಹೀಗಾಗಿ ಪ್ರತಿ ಸಲವೂ ಒಂದು ಮುಖ್ಯವಾದ ಪರೀಕ್ಷೆಯನ್ನು ಹಾರಿಸಿಕೊಂಡು ಹೋಗುತ್ತಿತ್ತು. ಪದಚ್ಛೇದ ತಪ್ಪಿದರೆ ಅರ್ಥ ಹೇಗೆ ಬೇರೆಯಾಗುತ್ತದೆ ಎಂದು ಹಳಗನ್ನಡ ಪಾಠ ಹೇಳುವವರು ಈ ಉದಾಹರಣೆಯನ್ನೂ ತಮ್ಮ ತರಗತಿಗೆ ಒಯ್ಯಬಹುದು.

ಇದಕ್ಕೆ ಎದುರಾದ ಉದಾಹರಣೆಯೂ ಇದೆ, ಅದು ನೆಟ್‌ವರ್ಕ್ ಡ್ರೈವರ್ ಲೋಕದಿಂದಲೇ. ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್. ಗುಪ್ತವಾದ ಜಾಲದ ದಾರಿ ಹಾಕಿಕೊಡುವ ಈ ಕೋಡ್ ಸುಮಾರು 4,000 ಸಾಲಿನದು. ಒಬ್ಬ ಮನುಷ್ಯ ಕೂತು ಪೂರ್ತಿ ಓದಿ ಪರಿಶೀಲಿಸಲು ಬರುವಷ್ಟಿರಬೇಕು ಎಂಬುದೇ ಅದರ ವಿನ್ಯಾಸದ ಗುರಿ. ಇದೇ ಕೆಲಸ ಮಾಡುವ ಹಳೆಯವು ಇದರ ಹತ್ತಾರು ಪಟ್ಟು ದೊಡ್ಡವು. 2018ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಹಳೆಯವುಗಳ ಪಕ್ಕದಲ್ಲಿ ಇದನ್ನು ಕಲಾಕೃತಿಗೆ ಹೋಲಿಸಿದ. ಹೊಗಳಿಕೆಗೆ ಹೆಸರಾದ ಮನುಷ್ಯನಲ್ಲ ಅವನು. 2020ರ ಮಾರ್ಚ್‌ನಲ್ಲಿ 5.6ನೇ ಆವೃತ್ತಿಯಲ್ಲಿ ಅದು ಕರ್ನಲ್ಲಿನ ಒಳಗೆ ಹೋಯಿತು.

ಈಗ ಎದುರುವಾದಗಳು. ಮೊದಲನೆಯದು ಗಟ್ಟಿಯಾದದ್ದು: ಲಿನಕ್ಸ್ ನೆಟ್‌ವರ್ಕ್ ವಿಭಾಗದ ಹಿರಿಯರೇ ತಮ್ಮ ಮಾರ್ಗಸೂಚಿಯಲ್ಲಿ, ಬೇರೆ ಕೆಲಸದ ಸಂಬಂಧವಿಲ್ಲದ ಬರೀ ಸ್ವಚ್ಛತೆಯ ತಿದ್ದುಪಡಿಗಳನ್ನು ಪ್ರೋತ್ಸಾಹಿಸುವುದಿಲ್ಲ ಎಂದು ಬರೆದಿದ್ದಾರೆ. ನಿನ್ನದೇ ದೇವರು ನಿನಗೆ ಎದುರು ಹೇಳುತ್ತಿದ್ದಾನಲ್ಲ ಎಂದು ನನ್ನನ್ನು ಚುಚ್ಚುತ್ತಾರೆ. ಆ ನಿಯಮವನ್ನು ನಾನು ಒಪ್ಪುತ್ತೇನೆ. ಅದು ಯಾರ ಮೇಲೆ ಎಂದು ನೋಡಿ. ಶೈಲಿ ಪರೀಕ್ಷಿಸುವ ಒಂದು ಸ್ಕ್ರಿಪ್ಟ್ ಓಡಿಸಿ, ಅದು ತೋರಿಸಿದ ಕಡೆಯೆಲ್ಲ ಖಾಲಿ ಜಾಗ ಸರಿಸಿ, ಡ್ರೈವರ್ ಏನು ಮಾಡುತ್ತದೆ ಎಂದು ಒಂದು ಸಾಲೂ ಓದದೆ ರೆಸ್ಯೂಮೆಗೆ "ಲಿನಕ್ಸ್ ಕರ್ನಲ್ ಕೊಡುಗೆದಾರ" ಎಂದು ಬರೆದುಕೊಳ್ಳುವವರ ಮೇಲೆ. ಅದು ಹಸನು ಮಾಡುವುದಲ್ಲ, ಹೊಲದ ಬದುವಿಗೆ ಸುಣ್ಣ ಬಳಿಯುವುದು. ಇತಿಹಾಸದಲ್ಲಿ ಯಾವ ಸಾಲು ಯಾಕೆ ಬಂತು ಎಂದು ಹುಡುಕುವವನಿಗೆ ಇಂಥ ತಿದ್ದುಪಡಿಗಳು ಅಡ್ಡಗೋಡೆ. ಹಳೆಯ ಆವೃತ್ತಿಗಳಿಗೆ ರಿಪೇರಿ ಒಯ್ಯುವವನಿಗೂ ತೊಂದರೆ. ನಾನು ಹೇಳುತ್ತಿರುವ ಕೆಲಸ ಓದಿನಿಂದ ಶುರುವಾಗುತ್ತದೆ. ಮೊದಲು ಸಂಖ್ಯೆಗಳಿಗೆ ಹೆಸರು, ಆಮೇಲೆ ಉದ್ದದ ಫಂಕ್ಷನ್ನುಗಳ ವಿಭಜನೆ, ಆಮೇಲೆ ನಕಲುಗಳನ್ನು ಒಂದುಗೂಡಿಸುವುದು. ಒಂದು ತಿದ್ದುಪಡಿಯಲ್ಲಿ ಒಂದೇ ಬದಲಾವಣೆ, ಪ್ರತಿಯೊಂದರ ನಂತರ ನಿಜವಾದ ಕಾರ್ಡಿನ ಮೇಲೆ ಪರೀಕ್ಷೆ. ದೋಷ ಕಂಡರೆ ಅದರ ರಿಪೇರಿ ಬೇರೆ ತಿದ್ದುಪಡಿಯಲ್ಲಿ. ಹೆಸರು ಬದಲಿಸುವಾಗ ನಡತೆ ಬದಲಿಸಬಾರದು.

ಎರಡನೆಯ ವಾದ: ಮುಟ್ಟಿದರೆ ಮುರಿಯುತ್ತದೆ. ಹೌದು, ಮುರಿಯಬಹುದು. ಆದರೆ ಮುಟ್ಟದಿದ್ದರೂ ಮುರಿಯುತ್ತದೆ ಎಂಬುದನ್ನು ಆ ಡಾಂಗಲ್ ತೋರಿಸಿತು. ಸುತ್ತಲಿನ ಜಗತ್ತು ನಿಲ್ಲುವುದಿಲ್ಲ. ಓದಲು ಬರುವ ಕೋಡ್ ಮುರಿದರೆ ಜೋಡಿಸಬಹುದು. ಓದಲು ಬಾರದ್ದು ಮುರಿದರೆ ಎಸೆಯಬೇಕು. ಹೊಸದು ಕೊಳ್ಳುವ ಶಕ್ತಿ ಇದ್ದವರಿಗೆ ಎಸೆಯುವುದು ಸುಲಭ. ನಮ್ಮೂರಿಗೆ ಕಂಪ್ಯೂಟರ್ ಬರುವುದೇ ಬೇರೆಯವರು ಎಸೆದ ಮೇಲೆ.

ಮೂರನೆಯದು ಹೊಸ ವಾದ: ಈಗ ಎಐ ಇದೆ, ಎಂಥ ಕಗ್ಗಂಟನ್ನೂ ಅದೇ ಓದಿ ಹೇಳುತ್ತದೆ. ನಾನೂ ಅದನ್ನು ಬಳಸುತ್ತೇನೆ. 37 ಏನು ಎಂದು ಕೇಳಿದರೆ ಹೇಳೀತು, ಯಾಕೆಂದರೆ ಯಾರೋ ಒಬ್ಬ ಹಿಂದೆ ಹೆಸರಿಟ್ಟು ಬರೆದಿಟ್ಟಿದ್ದಾನೆ. ಸ್ವಿಚ್ ಮೊದಲು ಯಾಕೆ ಹಾಕಬೇಕು ಎಂಬ ಟಿಪ್ಪಣಿಯನ್ನು ಯಾರೂ ಬರೆಯದಿದ್ದರೆ ಅದು ಊಹಿಸುತ್ತದೆ, ಅದೂ ಗಟ್ಟಿ ದನಿಯಲ್ಲಿ. ಊಹೆ ಸರಿಯೇ ಎಂದು ಹೇಳಲು ಓದಬಲ್ಲ ಮನುಷ್ಯ ಬೇಕೇ ಬೇಕು. ಓದುವವರನ್ನು ತಯಾರು ಮಾಡುವುದು ಬಿಟ್ಟು ಯಂತ್ರಕ್ಕೆ ಓದನ್ನು ಗುತ್ತಿಗೆ ಕೊಟ್ಟರೆ, ಆ ಗುತ್ತಿಗೆದಾರನ ಬಿಲ್ಲು ಪರಿಶೀಲಿಸುವವರೇ ಇರುವುದಿಲ್ಲ.

ಮೂಲ ರೋಗ ಇರುವುದು ಕಲಿಸುವ ಜಾಗದಲ್ಲಿ. ಎಂಜಿನಿಯರಿಂಗ್ ಓದಿದ ನಾಲ್ಕು ವರ್ಷದಲ್ಲಿ ನಾನು ನೂರಾರು ಪ್ರೋಗ್ರಾಮ್ ಬರೆದೆ, ಬೇರೆಯವರದನ್ನು ಓದು ಎಂದು ಯಾರೂ ಹೇಳಲಿಲ್ಲ. ಲ್ಯಾಬ್ ಪ್ರೋಗ್ರಾಮುಗಳು ಸೀನಿಯರ್‌ಗಳ ಪೆನ್‌ಡ್ರೈವಿನಿಂದ ಜೂನಿಯರ್‌ಗಳ ಪೆನ್‌ಡ್ರೈವಿಗೆ ಹರಿಯುತ್ತಿದ್ದವು, ಯಾರೂ ಓದದೆ. ಒಬ್ಬ ಸಾಹಿತ್ಯದ ವಿದ್ಯಾರ್ಥಿಗೆ ಒಂದೂ ಕಾದಂಬರಿ ಓದಿಸದೆ ಐವತ್ತು ಕಥೆ ಬರೆಸಿದರೆ ಹೇಗಿರುತ್ತದೆ? ನಾವು ಎಂಜಿನಿಯರುಗಳನ್ನು ತಯಾರು ಮಾಡುವುದು ಹಾಗೆಯೇ. ಪಿಎಚ್.ಡಿ.ಯಲ್ಲಿ ಇದು ಇನ್ನೂ ಕೆಟ್ಟದಾಗುತ್ತದೆ. ಲೆಕ್ಕಕ್ಕೆ ಬರುವುದು ಪೇಪರುಗಳ ಸಂಖ್ಯೆ. ಪೇಪರಿನ ಗ್ರಾಫು ಹುಟ್ಟಿದ ಕೋಡನ್ನು ಮಾರ್ಗದರ್ಶಕರು ಓದುವುದಿಲ್ಲ, ಪರೀಕ್ಷಕರು ಓದುವುದಿಲ್ಲ, ಬರೆದವನೂ ಎರಡನೆಯ ಸಲ ಓದುವುದಿಲ್ಲ. ಮುಂದಿನ ಸಂಶೋಧಕ ಅದೇ ಕೆಲಸವನ್ನು ಸೊನ್ನೆಯಿಂದ ಶುರು ಮಾಡುತ್ತಾನೆ. ಇದನ್ನು ಜ್ಞಾನದ ಬೆಳವಣಿಗೆ ಎಂದು ಕರೆಯುತ್ತೇವೆ.

ಬೇರೆ ದಾರಿ ಇತ್ತು, ಇದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಲಯನ್ಸ್ ಎಂಬ ಮೇಷ್ಟ್ರು 1970ರ ದಶಕದಲ್ಲಿ ಯುನಿಕ್ಸ್‌ನ ಆರನೆಯ ಆವೃತ್ತಿಯ ಕೋಡನ್ನು ಅಚ್ಚು ಹಾಕಿಸಿ, ಅದಕ್ಕೆ ಸಾಲು ಸಾಲಾಗಿ ವ್ಯಾಖ್ಯಾನ ಬರೆದು ಹುಡುಗರಿಗೆ ಪಾಠ ಹೇಳಿದರು. ಮೂಲ ಒಂದು ಪುಸ್ತಕ, ಟೀಕೆ ಇನ್ನೊಂದು ಪುಸ್ತಕ. ಆಮೇಲೆ ಕಂಪನಿ ತನ್ನ ಕೋಡನ್ನು ತರಗತಿಯಲ್ಲಿ ಬಳಸಬಾರದು ಎಂದಾಗ ಜನ ಅದನ್ನು ಝೆರಾಕ್ಸ್ ಮಾಡಿ ಕೈಯಿಂದ ಕೈಗೆ ದಾಟಿಸಿದರು. ಬಹಿರಂಗವಾಗಿ ಪುಸ್ತಕ ಬಂದದ್ದು 1996ರಲ್ಲಿ. ಒಂದು ತಲೆಮಾರು ಆಪರೇಟಿಂಗ್ ಸಿಸ್ಟಮ್ ಕಲಿತದ್ದು ಈ ಕಳ್ಳ ಝೆರಾಕ್ಸುಗಳಿಂದ. ಮೂಲದ ಪಕ್ಕದಲ್ಲಿ ಟೀಕು ಬರೆದು ಓದುವ ಪರಂಪರೆ ಕನ್ನಡಕ್ಕೆ ಹೊಸದಲ್ಲ. ವಚನಗಳಿಗೆ ಟೀಕು ಬರೆದ ನಾಡಿನಲ್ಲಿ ಒಂದು ನೆಟ್‌ವರ್ಕ್ ಡ್ರೈವರಿಗೆ ಕನ್ನಡದಲ್ಲಿ ಟೀಕು ಬರೆಯುವವರು ಯಾಕೆ ಇರಬಾರದು? ಕೋಡಿನೊಳಗಿನ ಟಿಪ್ಪಣಿ ಇಂಗ್ಲಿಷಿನಲ್ಲೇ ಇರಲಿ, ಅದನ್ನು ಜಗತ್ತೆಲ್ಲ ಓದಬೇಕು. ಆದರೆ ಪಕ್ಕದ ವ್ಯಾಖ್ಯಾನ ಕನ್ನಡದಲ್ಲಿ ಇದ್ದರೆ, ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚಿನಲ್ಲಿ ಕೂತ ನಮ್ಮ ತಾಲೂಕಿನ ಹುಡುಗ ಹುಡುಗಿಯರು ಮುಂದೆ ಬರುತ್ತಾರೆ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಕಂಪ್ಯೂಟರ್ ವಿಜ್ಞಾನದ ಪ್ರತಿ ಪಿಎಚ್.ಡಿ. ವೈವಾದಲ್ಲಿ ಪರೀಕ್ಷಕರು ಅಭ್ಯರ್ಥಿಯ ಕೋಡಿನ ನೂರು ಸಾಲನ್ನಾದರೂ ತೆರೆದು "ಇದನ್ನು ಓದಿ ಅರ್ಥ ಹೇಳಿ" ಎನ್ನಲಿ. ಹಳೆಯ ಕೋಡನ್ನು ನಡತೆ ಕೆಡದಂತೆ ಹಸನು ಮಾಡಿದ್ದನ್ನು, ಗ್ರಂಥ ಸಂಪಾದನೆಗೆ ಸಿಗುವ ಗೌರವದಲ್ಲೇ, ಸಂಶೋಧನೆ ಎಂದು ಒಪ್ಪಲಿ. ಪದವಿಯಲ್ಲಿ ಒಂದು ಸೆಮಿಸ್ಟರ್ ಬರೆಯುವ ಬದಲು ಓದುವ ಲ್ಯಾಬ್ ಇರಲಿ, 8139ಟೂ ಅಂಥ ಚಿಕ್ಕ ಡ್ರೈವರ್ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ಹಾಗೆಯೇ ಕನ್ನಡ ವಿಭಾಗದ ಗೆಳೆಯರು ಒಂದು ಮಧ್ಯಾಹ್ನ ನಮ್ಮ ಲ್ಯಾಬಿಗೆ ಬಂದು ಕೂರಲಿ. ಹೆಸರು ಸರಿಯೇ, ವಾಕ್ಯ ಉದ್ದವಾಯಿತೇ, ಇಲ್ಲಿ ಅರ್ಥ ಎರಡಾಗುತ್ತದೆಯೇ ಎಂದು ಕೇಳಲು ಸಿ ಭಾಷೆಯ ಪಾಂಡಿತ್ಯ ಬೇಡ. ಓದಿ ಪಳಗಿದ ಕಣ್ಣು ಸಾಕು, ಅದು ನಿಮ್ಮಲ್ಲಿದೆ, ನಮ್ಮಲ್ಲಿ ಕಡಿಮೆ.

ಯಂತ್ರಕ್ಕಾಗಿ ಬರೆದದ್ದನ್ನು ಯಂತ್ರ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಅದಕ್ಕೆ 37 ಆದರೂ ಒಂದೇ, ಹೆಸರಾದರೂ ಒಂದೇ. ಹೆಸರು ಬೇಕಿರುವುದು ನಮ್ಮ ನಂತರ ಬರುವವರಿಗೆ: ಯಾವುದೋ ಊರಿನಲ್ಲಿ ಎರಡನೆಯ ಕೈಯ ಕಂಪ್ಯೂಟರಿನ ಮುಂದೆ ಕೂತು, ಇದು ಯಾಕೆ ನಡೆಯುತ್ತಿಲ್ಲ ಎಂದು ಕಂಡುಕೊಳ್ಳಲು ಹೊರಟವರಿಗೆ. ಅವರಿಗೆ ಓದಲು ಬರುವಂತೆ ಬಿಟ್ಟು ಹೋಗುವುದು ಸಂಶೋಧನೆ ಅಲ್ಲ ಎನ್ನುವವರು, ಸಂಶೋಧನೆ ಯಾರಿಗಾಗಿ ಎಂಬುದನ್ನು ಮೊದಲು ಹೇಳಲಿ.